ಪೇಂಟಿಂಗ್ ದುಡ್ಡು ವಾಪಸ್ ಕೊಟ್ಟಿದ್ದು, ನನ್ನ ಅನುಭವ

ನಮ್ಮದು ಬೆಂಗಳೂರಿನ ಲಿಂಗರಾಜಪುರ, ಕೆಳಗೆ ನಾವಿದ್ದೀವಿ, ಮೇಲೆ ಮೂರು ಚಿಕ್ಕ ಮನೆ ಬಾಡಿಗೆಗೆ ಕೊಟ್ಟಿದ್ದೀವಿ. ನಮ್ಮ ತಾತನ ಮದುವೆ ಹಡ್ಸನ್ ಚರ್ಚಲ್ಲಿ ಆಗಿದ್ದು, 1904ರಲ್ಲಿ ಕಟ್ಟಿದ ಕನ್ನಡದವರ ಚರ್ಚು ಅದು, ಇದನ್ನ ನಾನು ಮನೆಗೆ ಬಂದವ್ರಿಗೆಲ್ಲ ಹೇಳ್ಕೊಳ್ತಿದ್ದೆ. ಪ್ರತಿ ಬುಧವಾರ ನಮ್ಮ ಹಾಲಲ್ಲೇ ಪ್ರಾರ್ಥನಾ ಕೂಟ, ಹತ್ತು ಹನ್ನೆರಡು ಜನ ಬರ್ತಾರೆ, ವಾಕ್ಯ ಹೇಳೋದು ನಾನೇ. ಆದ್ರೆ ಬಾಡಿಗೆ ವಿಷಯಕ್ಕೆ ಬಂದ್ರೆ ನಾನೂ ಈ ಊರಿನ ಓನರ್‌ಗಳ ಥರಾನೇ, ಹತ್ತು ತಿಂಗಳ ಅಡ್ವಾನ್ಸ್, ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಅಂತ ಕಟ್. ಗೋಡೆ ಹೆಂಗಿದೆ ಅಂತ ತಿರುಗಿ ಕೂಡ ನೋಡ್ತಿರ್ಲಿಲ್ಲ.

2022ರಲ್ಲಿ ಮಧ್ಯದ ಮನೆಯವರು ಖಾಲಿ ಮಾಡಿದ್ರು, ಹಾಸನದ ಕಡೆಯವರು, ಗಂಡ ಹೆಂಡ್ತಿ ಒಂದು ಮಗು. 90,000 ಅಡ್ವಾನ್ಸಲ್ಲಿ 9,000 ಪೇಂಟಿಂಗ್‌ಗೆ, 1,500 ಕ್ಲೀನಿಂಗ್‌ಗೆ ಅಂತ ಹಿಡ್ಕೊಂಡೆ. ಹೋಗೋ ಹಿಂದಿನ ದಿನ ಆ ಹೆಣ್ಮಗಳು ನೆಲದ ಮೇಲೆ ಕೂತು ಮಗು ಗೀಚಿದ ಪೆನ್ಸಿಲ್ ಗೆರೆಗಳನ್ನ ಒದ್ದೆ ಬಟ್ಟೇಲಿ ಒಂದೊಂದಾಗಿ ಒರೆಸ್ತಿದ್ರು, ನಾನೇ ಕಣ್ಣಾರೆ ನೋಡಿದ್ದೆ. ಪೇಂಟ್ ಹೊಡಿಸ್ಲೇ ಇಲ್ಲ, ಮುಂದಿನ ವಾರ ಹಂಗೇ ಇನ್ನೊಬ್ರಿಗೆ ಕೊಟ್ಟೆ. ಅದೇ ತಿಂಗಳು ಚರ್ಚಿನ ಸುಗ್ಗಿ ಹಬ್ಬದ ಹರಾಜಲ್ಲಿ ಪಂತಕ್ಕೆ ಬಿದ್ದು ಕೂಗಿ ಕೂಗಿ ಒಂದು ಕುಂಬಳಕಾಯಿನ 3,000ಕ್ಕೆ ತಗೊಂಡಿದ್ದೆ, ಎಲ್ರೂ ಚಪ್ಪಾಳೆ ಹೊಡೆದಿದ್ರು.

2024 ಮಾರ್ಚ್, ಬೋರ್‌ವೆಲ್ ಒಣಗಿ ಎಲ್ರೂ ಟ್ಯಾಂಕರ್‌ಗೆ ಕಾಯ್ತಿದ್ದ ಟೈಮು. ಬುಧವಾರ ಬೈಬಲ್ಲಿನ ಲೂಕ 19, ಜಕ್ಕಾಯನ ಕಥೆ ಹೇಳ್ತಿದ್ದೆ, ಸುಂಕದವನು, ಮೋಸದಿಂದ ತಗೊಂಡಿದ್ರೆ ನಾಲ್ಕರಷ್ಟು ಕೊಡ್ತೀನಿ ಅಂದವನು. ಕೂಟಕ್ಕೆ ಬರೋ ಹೂವಿನಮ್ಮ ಒಬ್ರಿದ್ದಾರೆ, ಅವರು ಸುಮ್ನೆ ಕೇಳಿದ್ರು, "ಯಾರ್ ಹತ್ರ ಎಷ್ಟು ತಗೊಂಡಿದ್ದ ಅಂತ ಬರೆದಿಟ್ಕೊಂಡಿದ್ನಾ ಅಣ್ಣ? ಇಲ್ದಿದ್ರೆ ಹೆಂಗೆ ಕೊಡ್ತಾನೆ?"

ಏನೋ ಒಂದು ಹೇಳಿ ಪ್ರಾರ್ಥನೆ ಮುಗಿಸ್ದೆ. ಆದ್ರೆ ನಾನು ಬರೆದಿಟ್ಕೊಂಡಿದ್ದೆ. ಟಿವಿ ಕೆಳಗಿನ ಡ್ರಾಯರಲ್ಲಿ ನೀಲಿ ರಟ್ಟಿನ ನೋಟ್‌ಬುಕ್, ಹೆಸರು, ತಾರೀಕು, ಅಡ್ವಾನ್ಸ್, ಕಟ್ ಮಾಡಿದ್ದು. ರಾತ್ರಿ ತೆಗೆದು ನೋಡಿದ್ರೆ ಪೇಂಟಿಂಗ್ ಅಂತ ಹಿಡಿದು ಪೇಂಟ್ ಹೊಡಿಸದೇ ಇದ್ದಿದ್ದು ಮೂರು ಸಲ.

ಹೆಂಡ್ತಿ ಹತ್ರ ಹೇಳ್ದೆ. "ನಾಲ್ಕರಷ್ಟು ಅಂತ ಕೂತ್ರೆ ಹಾಸನದವ್ರಿಗೇ 42,000 ಆಗತ್ತೆ, ಟ್ಯಾಂಕರ್‌ಗೇ ದುಡ್ಡಿಲ್ಲ" ಅಂದ್ಲು, ಅದೂ ನಿಜಾನೇ. ಹುಡುಕಿದ್ರೆ ಬೈಬಲ್ಲಿನ ಅರಣ್ಯಕಾಂಡ 5ರಲ್ಲಿ ತಪ್ಪು ಒಪ್ಕೊಂಡವನು ಪೂರ್ತಿ ಕೊಟ್ಟು ಮೇಲೆ ಐದನೇ ಒಂದು ಪಾಲು ಸೇರಿಸ್ಬೇಕು ಅಂತಿದೆ, ನಾಲ್ಕರಷ್ಟು ಅನ್ನೋದು ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಯ್ದವನಿಗೆ. ಜಕ್ಕಾಯ ತನ್ನನ್ನ ಕುರಿಗಳ್ಳನ ಸಾಲಿಗೆ ತಾನೇ ಸೇರಿಸ್ಕೊಂಡ. ನಾನು ಕಮ್ಮಿದು ಆರಿಸ್ಕೊಂಡೆ, 10,500ಕ್ಕೆ 2,100 ಸೇರಿಸಿ 12,600. ಅದು ಈಗ್ಲೂ ಸ್ವಲ್ಪ ಚುಚ್ಚತ್ತೆ.

ಫೋನ್ ಮಾಡೋಕೆ ಮೂರು ದಿನ ಬೇಕಾಯ್ತು. ಆ ಹುಡುಗ ಈಗ ನೆಲಮಂಗಲದಲ್ಲಿ. "ಏನ್ ಅಂಕಲ್, ಕರೆಂಟ್ ಬಿಲ್ ಬಾಕಿ ಏನಾದ್ರೂ ಇತ್ತಾ?" ಅಂತ ಗಾಬರಿ ಆದ. ವಿಷಯ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಚರ್ಚಿಗೆ ಬರ್ಬೇಕಾ ಅಂಕಲ್?" ಅಂದ. ನಾಚ್ಕೆ ಆಯ್ತು ನಂಗೆ. ಇಲ್ಲಪ್ಪ, ಇದು ನಿಂದೇ ದುಡ್ಡು, ಗೂಗಲ್ ಪೇ ನಂಬರ್ ಇದೇನಾ ಹೇಳು ಅಂದೆ. ದುಡ್ಡು ಹೋದ ಮೇಲೆ ಅವನ ಹೆಂಡ್ತಿ ಫೋನ್ ಇಸ್ಕೊಂಡು ಥ್ಯಾಂಕ್ಸ್ ಅನ್ಲಿಲ್ಲ, "ಅವತ್ತೇ ಹೇಳಿದ್ದೆ ಅಂಕಲ್, ಗೋಡೆ ಕ್ಲೀನಾಗಿದೆ ಅಂತ" ಅಂದ್ರು. ಹೌದಮ್ಮ, ತಪ್ಪು ನಂದು ಅಂದೆ, ಬೇರೆ ಏನು ಹೇಳೋದು.

ಮುಂದಿನ ಬುಧವಾರ ಕೂಟದಲ್ಲಿ ಇದನ್ನ ಸಾಕ್ಷಿ ಥರ ಹೇಳೋಣ ಅನ್ಕೊಂಡಿದ್ದೆ, ಹೆಂಡ್ತಿ ಬೇಡ ಅಂದ್ಲು, ಅದೂ ಇನ್ನೊಂದು ಕುಂಬಳಕಾಯಿ ಆಗತ್ತೆ ಅಂತ. ಹೂವಿನಮ್ಮನಿಗೆ ಮಾತ್ರ ಹೇಳ್ದೆ, ನೋಟ್‌ಬುಕ್ ಇತ್ತು ಅಂತ.

ಈಗ ಖಾಲಿ ಮಾಡೋರ ಜೊತೆ ನಿಂತು ಗೋಡೆ ನೋಡ್ತೀನಿ, ಪೇಂಟ್ ಬೇಕು ಅಂದ್ರೆ ಪೇಂಟರ್ ಬಿಲ್ ತೋರಿಸಿ ಅಷ್ಟೇ ಹಿಡ್ಕೊಳ್ತೀನಿ. ಉಳಿದ ಇಬ್ಬರಲ್ಲಿ ಒಬ್ರಿಗೆ ಮುಟ್ಟಿಸಿದ್ದಾಯ್ತು. ಇನ್ನೊಬ್ರದು 7,000, ಅವರ ನಂಬರ್‌ಗೆ ಮಾಡಿದ್ರೆ ಈಗ ಬೇರೆ ಯಾರೋ ಎತ್ತಿ ಹಿಂದೀಲಿ ಬೈದು ಇಡ್ತಾರೆ.