ಸದರ್ನ್ ಹಾಕರ್: ಭುಜ ನೋಡಿ, ಬಾಲದ ತುದಿ ನೋಡಿ

ದಕ್ಷಿಣ ಇಂಗ್ಲೆಂಡಿನ ನಮ್ಮ ಹಿತ್ತಲಲ್ಲಿ ಪುಟ್ಟ ಕೊಳ ಇದೆ. ಜುಲೈ ಬಂತೆಂದರೆ ಅಲ್ಲಿ ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಓಡಾಟ ಶುರು. ಜಾಸ್ತಿ ಬರುವುದು ಸದರ್ನ್ ಹಾಕರ್, ವೈಜ್ಞಾನಿಕ ಹೆಸರು ಈಷ್ನಾ ಸಯಾನಿಯಾ. ಸುಮಾರು 7 ಸೆಂ.ಮೀ. ಉದ್ದ.

ಮೈಮೇಲೆ ನೀಲಿ ಇದೆ ಅಂತ ಸುಮ್ನೆ ಹೆಸರು ಹೇಳಿಬಿಡಲು ಆಗುವುದಿಲ್ಲ. ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ ಇದರ ಜೊತೆಗೇ ಹಾರುವ ಮೈಗ್ರಂಟ್ ಹಾಕರ್ ಅನ್ನುವ ಇನ್ನೊಂದು ಜಾತಿಯ ಗಂಡಿಗೂ ನೀಲಿ ಚುಕ್ಕೆಗಳಿವೆ. ಅದಕ್ಕೇ ನಾನು ಮೊದಲು ಭುಜ ನೋಡುತ್ತೇನೆ. ಸದರ್ನ್‌ಗೆ ತಲೆಯ ಹಿಂದೆಯೇ ಎರಡು ಅಗಲವಾದ ಹಸಿರು ಪಟ್ಟೆ. ಎದುರಿಗೆ ಹಾರಿಬಂದರೆ ಕಾರಿನ ಹೆಡ್‌ಲೈಟ್ ಥರ ಕಾಣುತ್ತವೆ. ಮೈಗ್ರಂಟ್‌ಗೆ ಅಲ್ಲಿ ಚಿಕ್ಕ ಹಳದಿ ಗೆರೆ ಅಷ್ಟೇ. ಆಮೇಲೆ ನಾವು ಬಾಲ ಅನ್ನುವ ಭಾಗದ ತುದಿ. ಸದರ್ನ್‌ನಲ್ಲಿ ಕೊನೆಯ ಎರಡು ಖಂಡಗಳ ಜೋಡಿ ಚುಕ್ಕೆಗಳು ಕೂಡಿಕೊಂಡು ಅಡ್ಡಪಟ್ಟೆ ಆಗಿರುತ್ತವೆ. ಗಂಡಿನಲ್ಲಿ ಅವು ನೀಲಿ, ಹೆಣ್ಣಿನಲ್ಲಿ ಹಸಿರು. ಫೋಟೋ ತೆಗೆಯುವುದಾದರೆ ಪಕ್ಕದಿಂದ ಒಂದು, ಮೇಲಿನಿಂದ ಒಂದು ತೆಗೆಯಿರಿ.

ನಡವಳಿಕೆಯೂ ಗುರುತೇ. ಸದರ್ನ್‌ಗೆ ಕುತೂಹಲ ಜಾಸ್ತಿ. ಕೊಳದ ಹತ್ತಿರ ಅಲ್ಲಾಡದೆ ನಿಂತರೆ ಕೈಗೆ ಸಿಗುವಷ್ಟು ಹತ್ತಿರ ಬಂದು, ಗಾಳಿಯಲ್ಲೇ ನಿಂತು ನಮ್ಮನ್ನು ನೋಡುತ್ತದೆ. ಅದು ಕಚ್ಚಲು ಬಂದಿದ್ದಲ್ಲ, ದಯವಿಟ್ಟು ಕೈ ಬೀಸಬೇಡಿ. ಚಿಕ್ಕ ಕೊಳದಲ್ಲಿ ಒಂದು ಗಂಡು ಇನ್ನೊಂದನ್ನು ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ. ಮೈಗ್ರಂಟ್ ಹಾಗಲ್ಲ, ಬೇಲಿ ಮರಗಳ ಪಕ್ಕ ಹತ್ತಾರು ಒಟ್ಟಿಗೇ ಹಾರುತ್ತಾ ಹುಳ ಹಿಡಿಯುತ್ತವೆ.

ನನಗೆ ತುಂಬಾ ಇಷ್ಟ ಮೊಟ್ಟೆ ಇಡುವ ಹೊತ್ತು. ಹೆಣ್ಣು ಒಂಟಿಯಾಗಿ ಬರುತ್ತದೆ. ನಾನು ಕೊಳದ ಅಂಚಿಗೆ ಅರ್ಧ ಕೊಳೆತ ಮರದ ದಿಮ್ಮಿ ಇಟ್ಟಿದ್ದೇನೆ. ಅದರ ಮೇಲಿನ ಪಾಚಿಯಲ್ಲಿ ಬಾಲ ಬಗ್ಗಿಸಿ ಚುಚ್ಚುತ್ತಾ, ಸರಿಯಾದ ಜಾಗ ಸಿಗುವವರೆಗೆ ಹಿಂದೆ ಮುಂದೆ ಹುಡುಕುತ್ತದೆ. ರೆಕ್ಕೆ ಹುಲ್ಲಿಗೆ ತಾಗುವ ಸದ್ದೂ ಕೇಳುತ್ತದೆ.

ಆ ಮೊಟ್ಟೆ ಚಳಿಗಾಲ ಕಳೆದು ವಸಂತದಲ್ಲಿ ಒಡೆಯುತ್ತದೆ. ಮರಿ ನೀರೊಳಗೆ 2-3 ವರ್ಷ ಬೆಳೆಯುತ್ತದೆ. ಹಾಗಾಗಿ ಕೊಳವನ್ನು ಒಂದೇ ಸಲ ಪೂರ್ತಿ ಬಳಿದು ತೊಳೆಯಬೇಡಿ. ಬೇಸಿಗೆಯ ಬೆಳಿಗ್ಗೆ ಐರಿಸ್ ಗಿಡದ ಕಾಂಡ ಹುಡುಕಿ. ರಾತ್ರಿ ಮೇಲೇರಿ ಬಂದ ಮರಿ ಬಿಟ್ಟುಹೋದ ಕಂದು ಪೊರೆ ಅಲ್ಲೇ ಅಂಟಿಕೊಂಡಿರುತ್ತದೆ. ಬೆನ್ನಿನ ಸೀಳಿನಲ್ಲಿ ಬಿಳಿ ದಾರದಂಥವು ಕಾಣುತ್ತವೆ, ಅವು ಉಸಿರಾಟದ ನಾಳಗಳ ಒಳಪದರ. ಹಾರುವ ಹಾಕರ್ ಎಲ್ಲಿಂದಲೋ ಬಂದಿರಬಹುದು. ಪೊರೆ ಸಿಕ್ಕರೆ ಮಾತ್ರ ಅದು ನಿಮ್ಮ ಕೊಳದಲ್ಲೇ ಬೆಳೆದದ್ದು ಅಂತ ಬರೆದುಕೊಳ್ಳಿ.