ಅಳುವುದಕ್ಕೆ ಪುರುಸೊತ್ತಿಲ್ಲದ ಮನೆ: ಊರು ಬಿಟ್ಟ ಹುಡುಗನ ಚಿತ್ರ ಮಾಡಿದ ಅನುಭವ

1972ರ ಇಸವಿ. ಕುಂದಾಪುರ ಕಡೆಯ ಒಂದು ಗೇಣಿ ಒಕ್ಕಲಿನ ಮನೆ, ಅಂದರೆ ಒಡೆಯರ ಗದ್ದೆ ಉತ್ತು ಅವರಿಗೆ ಅಕ್ಕಿಯಲ್ಲಿ ಗೇಣಿ ಕೊಡುವವರ ಮನೆ. ಆ ಮನೆಯ ಹದಿಮೂರು ವರ್ಷದ ಹುಡುಗ ಶಾಲೆ ಬಿಟ್ಟು ಬೊಂಬಾಯಿಯ ಹೋಟೆಲಿಗೆ ಮಾಣಿಯಾಗಿ ಹೋಗುತ್ತಾನೆ. ನಾನು ಬರೆದು ನಿರ್ದೇಶಿಸಿದ ಚಿತ್ರದ ಕಥೆ ಇಷ್ಟೇ. ನಮ್ಮ ಕರಾವಳಿಯಲ್ಲಿ ಹೀಗೆ ಹೋದ ಒಬ್ಬ ಚಿಕ್ಕಪ್ಪನೋ ಮಾವನೋ ಇಲ್ಲದ ಮನೆ ಸಿಗುವುದು ಕಷ್ಟ.

ಕಥೆ ಕೇಳಿದ ಹಲವರು ಎಚ್ಚರಿಸಿದ್ದರು: ಬರೀ ಕಣ್ಣೀರಿನ ಚಿತ್ರವಾದೀತು, ನೋಡಿಕೊಳ್ಳಿ ಅಂತ. ಕಣ್ಣೀರು ಬರಲಿ ಎಂದೇ ನಾನು ಈ ಚಿತ್ರಕ್ಕೆ ಕೈ ಹಾಕಿದ್ದು. ಮಗ ಮನೆ ಬಿಟ್ಟು ಹೋಗುವುದನ್ನು ನೋಡಿ ಗಂಟಲು ಕಟ್ಟುವುದು ಮನುಷ್ಯ ಸಹಜ, ಅದಕ್ಕೆ ಸಿನಿಮಾದವರು ನಾಚಿಕೊಳ್ಳಬೇಕಾಗಿಲ್ಲ. ಮೊದಲ ದಿನದಿಂದ ನಾನು ಹಿಡಿದುಕೊಂಡಿದ್ದ ನಿಯಮ ಒಂದೇ: ತೆರೆಯ ಮೇಲಿನವರಿಗೆ ಅಳಲು ಪುರುಸೊತ್ತಿರಬಾರದು. ಅವರ ಕೈಯಲ್ಲಿ ಯಾವಾಗಲೂ ಕೆಲಸ ಇರಬೇಕು. ಅಳುವ ಸಮಯವನ್ನೆಲ್ಲ ನೋಡುವವರಿಗೆ ಬಿಟ್ಟುಕೊಡಬೇಕು.

ಇಸವಿ ಆರಿಸಿಕೊಂಡದ್ದು ಕಥೆಗಾಗಿಯೇ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ಹೋಗಿ ಉಳುವವರು ಡಿಕ್ಲರೇಷನ್, ಅಂದರೆ ತಾವು ಉಳುವ ಭೂಮಿ ತಮಗೆ ಸಿಗಬೇಕೆಂಬ ಅರ್ಜಿ, ಹಾಕಿ ಹೊಲದ ಒಡೆಯರಾದರು. ನಮ್ಮ ಹುಡುಗ ಹೊರಡುವುದು ಅದಕ್ಕಿಂತ ಒಂದೂಕಾಲು ವರ್ಷ ಮೊದಲು, ದೀಪಾವಳಿ ಕಳೆದ ಮೇಲೆ. ಇನ್ನೊಂದಷ್ಟು ಕಾಲ ತಡೆದಿದ್ದರೆ ಅವನು ಹೋಗಬೇಕಾಗಿಯೇ ಇರಲಿಲ್ಲವೇನೋ. ಚಿತ್ರದಲ್ಲಿ ಯಾರೂ ಈ ಮಾತು ಆಡುವುದಿಲ್ಲ. ಆಡುವುದಾದರೂ ಹೇಗೆ, 1972ರಲ್ಲಿ ಅವರಿಗೆ ಗೊತ್ತಿರಲಿಲ್ಲವಲ್ಲ. ಚಿತ್ರಮಂದಿರದಲ್ಲಿ ಕೂತ ಹಿರಿಯರಿಗೆ ಗೊತ್ತು, ಅಷ್ಟು ಸಾಕು.

ಇಸವಿ ಗಟ್ಟಿಯಾದ ಮೇಲೆ ಎಷ್ಟೋ ಪ್ರಶ್ನೆಗಳಿಗೆ ಅದೇ ಉತ್ತರ ಕೊಟ್ಟಿತು. ರಾಜ್ಯದ ಹೆಸರು ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಹಾಗಾಗಿ ಶಾಲೆಯ ಬೋರ್ಡಿನಲ್ಲಿ ಮೈಸೂರು ರಾಜ್ಯ, ಬಸ್ಸಿನ ನಂಬರಿನ ಮೊದಲಲ್ಲಿ ಎಂವೈ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ, ಆದ್ದರಿಂದ ಒಡೆಯರ ಮನೆಯ ರೇಡಿಯೋದಲ್ಲಿ ಧಾರವಾಡ, ಭದ್ರಾವತಿ, ಸಿಲೋನ್. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಬಂದು ಮೂರು ತಿಂಗಳಾಗಿದ್ದರೂ ಹಳ್ಳಿಯ ಹುಡುಗ ಅದನ್ನು ಬರೆಯುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ.

ಪುಸ್ತಕಗಳಿಗಿಂತ ಹೆಚ್ಚು ಸಿಕ್ಕಿದ್ದು ಜನರಿಂದ. ಊರಿಗೆ ಮರಳಿದವರನ್ನೂ ಮುಂಬಯಿಯ ಮಾಟುಂಗಾ ಕಡೆ ಉಳಿದುಹೋದವರನ್ನೂ ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ‘ಊರು ಬಿಡುವಾಗ ಹೇಗನ್ನಿಸಿತು’ ಎಂದು ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಒಂದೇ ಥರ, ‘ಬೇಜಾರಾಯ್ತು, ಎಂತ ಮಾಡುದು’ ಅನ್ನುತ್ತಾರೆ. ನಾನು ಕೇಳುತ್ತಿದ್ದದ್ದು ಎರಡು: ಚೀಲದಲ್ಲಿ ಏನಿತ್ತು? ಆ ದಿನ ಮನೆಯಲ್ಲಿ ಯಾವ ಕೆಲಸ ನಡೆದಿತ್ತು?

ಚೀಲದ ಪ್ರಶ್ನೆ ಕೇಳಿದ ಕೂಡಲೇ ಮುಖ ಬದಲಾಗುತ್ತಿತ್ತು. ಎರಡು ಅಂಗಿ. ಬಟ್ಟೆ ಸುತ್ತಿ ಬಿರಡೆ ಹಾಕಿದ ಕೊಬ್ಬರಿ ಎಣ್ಣೆ ಬಾಟಲಿ. ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಎರಡನೇ ದಿನಕ್ಕೆ ಹಳಸಿದರೂ ಬಿಸಾಡಲು ಮನಸ್ಸು ಬಾರದೆ ತಿಂದದ್ದು. ಹೋಟೆಲಿನ ವಿಳಾಸ ಬರೆದ ಪೋಸ್ಟ್‌ಕಾರ್ಡು. ಚಡ್ಡಿಯ ಒಳಮಡಿಕೆಯಲ್ಲಿ ಅಮ್ಮ ಕೈಯಲ್ಲೇ ಹೊಲಿದ ಗುಟ್ಟಿನ ಜೇಬು, ಅದರೊಳಗೆ ಹತ್ತು ರೂಪಾಯಿ. ಆ ಜೇಬನ್ನು ನಾನು ಹಾಗೆಯೇ ಚಿತ್ರಕ್ಕೆ ತಂದೆ. ಹುಡುಗ ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿರುತ್ತಾನೆ. ಅಮ್ಮನ ನೆನಪು ತೋರಿಸಲು ಬೇರೆ ಯಾವ ದೃಶ್ಯವೂ ಬೇಕಾಗಲಿಲ್ಲ.

ಎರಡನೇ ಪ್ರಶ್ನೆಗೆ ಹಿರಿಯರೊಬ್ಬರು ಹೇಳಿದ ಉತ್ತರದ ಮೇಲೆ ಇಡೀ ಚಿತ್ರ ನಿಂತಿತು. ‘ಅಪ್ಪ ಮುಡಿ ಕಟ್ತಾ ಇದ್ದ, ಅರ್ಧಕ್ಕೆ ಬಿಟ್ಟು ಏಳುವ ಹಾಗಿರಲಿಲ್ಲ’ ಎಂದರು ಅವರು.

ಮುಡಿ ನೋಡದವರಿಗಾಗಿ ಹೇಳುತ್ತೇನೆ. ಅಕ್ಕಿಯನ್ನು ಬೈಹುಲ್ಲಿನೊಳಗೆ ಸುರಿದು, ಹುಲ್ಲಿನದೇ ಬಳ್ಳಿ ಹೊಸೆದು ಸುತ್ತ ಬಿಗಿದು ಗುಂಡಗೆ ಮಾಡುವ ಕಟ್ಟು ಅದು. ಒಂದು ಮುಡಿಗೆ ಸುಮಾರು 42 ಸೇರು ಅಕ್ಕಿ. ಗೇಣಿ ಲೆಕ್ಕ ಮುಡಿಯಲ್ಲೇ ನಡೆಯುತ್ತಿತ್ತು, ಒಡೆಯರ ಅಂಗಳಕ್ಕೆ ಹೊತ್ತು ಹಾಕುತ್ತಿದ್ದದ್ದೂ ಮುಡಿಯನ್ನೇ. ಕಟ್ಟುವಾಗ ಬಳ್ಳಿಯನ್ನು ಎಳೆದು ಹಿಡಿದಿರಬೇಕು, ನಡುನಡುವೆ ಮರದ ತುಂಡಿನಿಂದ ಸುತ್ತಲೂ ಬಡಿದು ಕೂರಿಸಬೇಕು. ಕೈ ಸಡಿಲ ಬಿಟ್ಟರೆ ಹುಲ್ಲು ಬಿಚ್ಚಿಕೊಂಡು ಅಕ್ಕಿ ಅಂಗಳಕ್ಕೆ ಹರಡುತ್ತದೆ. ಚೆನ್ನಾಗಿ ಕಟ್ಟಿದ ಮುಡಿಯನ್ನು ಅಟ್ಟದ ಮೇಲೆ ಇಟ್ಟರೆ ಮುಂದಿನ ಮಳೆಗಾಲಕ್ಕೂ ಅಕ್ಕಿಗೆ ಹುಳ ಬೀಳುವುದಿಲ್ಲ.

ಆದರೆ ಮುಡಿಗೆ ಬೇಕಾದ ಹುಲ್ಲೇ ಈಗ ಇಲ್ಲ. ಈಗಿನ ಭತ್ತದ ತಳಿಗಳು ಗಿಡ್ಡ. ಮೇಲಿಂದ ಕಟಾವು ಯಂತ್ರ ಬಂದು ಹುಲ್ಲನ್ನು ನುರಿದುಹಾಕುತ್ತದೆ. ಎಷ್ಟೋ ಮಂದಿ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ ಮುಗಿಸಿ, ತೆರೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ನನಗೆ ಗೊತ್ತಾಗುತ್ತದೆ, ಕಟ್ಟುವವನ ಕೈಗಂತೂ ಗೊತ್ತಾಗಿಯೇ ಆಗುತ್ತದೆ. ಉದ್ದ ಹುಲ್ಲಿನ ಹಳೆಯ ತಳಿಯ ಬೀಜ ಉಳಿಸಿಕೊಂಡಿದ್ದ ರೈತರೊಬ್ಬರಿಗೆ ದುಂಬಾಲುಬಿದ್ದು, ಮುಂಗಾರಿನಲ್ಲೇ ಎರಡು ಗದ್ದೆಯಲ್ಲಿ ನಾಟಿ ಮಾಡಿಸಿದೆವು. ಚಿತ್ರೀಕರಣದ ವೇಳಾಪಟ್ಟಿ ಹಾಕಿದ್ದು ಆ ಪೈರನ್ನು ನೋಡಿ. ನೇಜಿ ನೆಡುವ ದೃಶ್ಯ ಜೂನ್‌ನಲ್ಲಿ, ಕೊಯ್ಲು ಅಕ್ಟೋಬರ್ ಕೊನೆಗೆ. ನಿರ್ಮಾಪಕರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ, ಎರಡು ಹಂತದ ಚಿತ್ರೀಕರಣ ಅಂದರೆ ಖರ್ಚು ಬೆಳೆಯುತ್ತದೆ. ಆದರೆ ಅದೇ ಹುಲ್ಲಿನಿಂದ ಮನೆಯ ಮಾಡನ್ನೂ, ಅಂದರೆ ಛಾವಣಿಯನ್ನೂ, ಹೊದಿಸಬಹುದಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರ ಹೆಂಚಿನ ಕಾರ್ಖಾನೆ 1865ರಷ್ಟು ಹಿಂದೆಯೇ ಶುರುವಾಗಿದ್ದರೂ ಗೇಣಿ ಒಕ್ಕಲಿನ ಮನೆಗೆ ಹೆಂಚು ಏರಲು ಬಹಳ ಕಾಲ ಹಿಡಿಯಿತು. ಒಡೆಯರ ಮನೆಗೆ ಹೆಂಚು, ಹುಡುಗನ ಮನೆಗೆ ಹುಲ್ಲು. ಎರಡು ಮನೆಯ ಅಂತರ ಹೇಳಲು ಮಾಡು ತೋರಿಸಿದರೆ ಸಾಕಾಯಿತು.

ಜಾಗ ಹುಡುಕುವಾಗ ಅತಿ ಹೆಚ್ಚು ಕಾಡಿದ್ದು ಅಕೇಶಿಯಾ. ಮೊಬೈಲ್ ಟವರನ್ನು, ಕಾಂಕ್ರೀಟ್ ಕಂಬವನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು. ಗುಡ್ಡಕ್ಕೆ ಗುಡ್ಡವೇ ಅಕೇಶಿಯಾ ಆಗಿದ್ದರೆ ಏನು ಅಳಿಸುವುದು? ಆ ನೆಡುತೋಪುಗಳು ನಮ್ಮ ಕಡೆ ಹಬ್ಬಿದ್ದು 1972ರ ನಂತರ. ಕೊನೆಗೆ ಹಾಡಿಯ, ಅಂದರೆ ಊರ ಪಕ್ಕದ ಕಾಡಿನ, ಅಂಚಿನಲ್ಲಿ, ಧೂಪ, ಹಲಸು, ಕಾಡುಮಾವು ಉಳಿದಿದ್ದ ಒಂದು ಬೈಲು ಸಿಕ್ಕಿತು. ಕ್ಯಾಮೆರಾವನ್ನು ಮೂರು ದಿಕ್ಕಿಗೆ ತಿರುಗಿಸಬಹುದಿತ್ತು, ನಾಲ್ಕನೇ ದಿಕ್ಕಿಗೆ ಇಲ್ಲ. ದೃಶ್ಯಗಳನ್ನೆಲ್ಲ ಆ ಮೂರು ದಿಕ್ಕಿಗೆ ಹೊಂದಿಸಿ ಮತ್ತೆ ಬರೆದೆ.

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನ ಡಿಜಿಟಲ್ ಕ್ಯಾಮೆರಾಗಳು ಚಿಮಣಿ ದೀಪದ ಬೆಳಕಿನಲ್ಲೂ ಚಿತ್ರ ಹಿಡಿಯುತ್ತವೆ. ಮುಖ ಪೂರ್ತಿ ಕತ್ತಲಾಗದಿರಲೆಂದು ದೀಪದ ಹಿಂದೆ ಹಳದಿ ಕಾಗದ ಸುತ್ತಿದ ಪುಟ್ಟ ಬಲ್ಬು ಅಡಗಿಸುತ್ತಿದ್ದೆವು. ಮಳೆಯದು ಬೇರೆ ಕಥೆ. ಕರಾವಳಿಯ ಜಡಿಮಳೆ ಕಣ್ಣಿಗೆ ಎಷ್ಟು ಜೋರಾಗಿ ಕಂಡರೂ, ಹಿಂದಿನಿಂದ ಬೆಳಕು ಬೀಳದಿದ್ದರೆ ಕ್ಯಾಮೆರಾಗೆ ಕಾಣುವುದೇ ಇಲ್ಲ. ಆಸಾಡಿ ತಿಂಗಳ ದೃಶ್ಯಗಳಲ್ಲಿ, ಹಲಸಿನ ಬೀಜ ಬೇಯಿಸಿ, ಒಂದೆಲಗದ ಚಟ್ನಿ ಅರೆದು ದಿನ ದೂಡುವಾಗ, ಸೂರಿನಿಂದ ಇಳಿಯುವ ನೀರಿನ ಆಚೆ ದೊಡ್ಡ ದೀಪವೊಂದನ್ನು ನಿಲ್ಲಿಸಿ ಮಳೆ ಕಾಣುವಂತೆ ಮಾಡಿದೆವು.

ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಹದಿನಾಲ್ಕರ ಒಳಗಿನ ಮಕ್ಕಳಿಂದ ಅಭಿನಯ ಮಾಡಿಸಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಅವರ ಸಂಭಾವನೆಯಲ್ಲಿ ಕಡಿಮೆಯೆಂದರೆ ಶೇಕಡಾ 20ರಷ್ಟನ್ನು ಅವರ ಹೆಸರಿನಲ್ಲೇ ಠೇವಣಿ ಇಡಬೇಕು. ಇದನ್ನು ತೊಡಕು ಎನ್ನುವವರಿದ್ದಾರೆ. ದುಡಿಯಲು ಹೋದ ಹುಡುಗನ ಕಥೆ ಹೇಳುವಾಗ ಇನ್ನೊಬ್ಬ ಹುಡುಗನನ್ನು ಹೊತ್ತುಗೊತ್ತಿಲ್ಲದೆ ದುಡಿಸುವುದು ನನ್ನಿಂದಾಗದು. ಮುಖ್ಯ ಪಾತ್ರಕ್ಕೆ ಕುಂದಾಪುರ ಕನ್ನಡ ಆಡಿಕೊಂಡೇ ಬೆಳೆದ ಹುಡುಗನನ್ನು ಆರಿಸಿದ್ದೆ. ಅವನಿಗೆ ಮಾತು ಕಲಿಸುವ ಗೊಡವೆ ಇರಲಿಲ್ಲ. ನಾನು ಪುಸ್ತಕದ ಕನ್ನಡದಲ್ಲಿ ಬರೆದುಕೊಂಡು ಹೋದ ಸಾಲನ್ನು ಅವನು ಒಮ್ಮೆ ಓದಿ, ತನ್ನ ಬಾಯಿಗೆ ಬಂದಂತೆ ಹೇಳುತ್ತಿದ್ದ. ಅವನು ಹೇಳಿದ್ದನ್ನೇ ಉಳಿಸಿಕೊಂಡೆವು.

ಅಪ್ಪನ ಪಾತ್ರದ ರಂಗಭೂಮಿ ನಟ ಚಿತ್ರೀಕರಣಕ್ಕೆ ಬಹಳ ಮೊದಲೇ ಊರಿಗೆ ಬಂದು, ಮುಡಿ ಕಟ್ಟಬಲ್ಲ ಅಜ್ಜರೊಬ್ಬರ ಪಕ್ಕ ಕೂತು ಕಲಿತರು. ಕೈಗಳನ್ನು ಬೇರೆಯವರದು ತೋರಿಸಿ ಮುಖ ಇವರದು ತೋರಿಸುವ ಉಪಾಯ ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಹೊರಡುವ ದೃಶ್ಯವನ್ನು ಊರಿನ ಚಿತ್ರೀಕರಣದ ಕೊನೆಗೆ ಇಟ್ಟುಕೊಂಡಿದ್ದೆ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಅವರೆಲ್ಲ ಉಂಡು, ಮಲಗಿ, ಜಗಳವಾಡಿ ಆಗಿತ್ತು. ದೃಶ್ಯ ಹೀಗಿದೆ: ಅಪ್ಪ ಅಂಗಳದಲ್ಲಿ ಕೊನೆಯ ಮುಡಿ ಕಟ್ಟುತ್ತಿದ್ದಾನೆ. ಅಮ್ಮ ಒಳಗಿನಿಂದ ‘ಗಂಜಿ ಉಂಡ್ಕಂಡ್ ಹೋಗ್ ಮಗ’ ಎಂದು ಕೂಗುತ್ತಾಳೆ. ಹುಡುಗ ಉಣ್ಣುತ್ತಾನೆ, ಬಟ್ಟಲು ತೊಳೆದಿಡುತ್ತಾನೆ, ಚೀಲ ಹೆಗಲಿಗೇರಿಸುತ್ತಾನೆ. ಅಪ್ಪನ ಕಾಲು ಮುಟ್ಟಲು ಬಗ್ಗಿದರೆ ಅಪ್ಪನ ಎರಡೂ ಕೈ ಬಳ್ಳಿಯ ಮೇಲಿದೆ, ಹರಸಲು ಎತ್ತುವ ಹಾಗಿಲ್ಲ. ‘ಆ ತುದಿ ಹಿಡಿ’ ಎನ್ನುತ್ತಾನೆ. ಹುಡುಗ ಚೀಲ ಕೆಳಗಿಟ್ಟು ಬಳ್ಳಿಯ ತುದಿ ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ ಎಳೆಯುತ್ತಾನೆ. ಅಪ್ಪ ಬಡಿದು, ಬಿಗಿದು, ಗಂಟು ಹಾಕುತ್ತಾನೆ. ಮುಡಿ ಮುಗಿಯಿತು. ‘ಬಸ್ಸಿಗೆ ಹೊತ್ತಾಯ್ತ್’ ಎನ್ನುತ್ತಾನೆ ಅಪ್ಪ. ಹುಡುಗ ಒಳಗೆ ನೋಡಿ, ‘ಹೋಯ್ ಬತ್ತೆ ಅಬ್ಬಿ’ ಎಂದು ಅಮ್ಮನಿಗೆ ಹೇಳಿ ಗದ್ದೆಯ ಅಂಚು ಹಿಡಿಯುತ್ತಾನೆ.

ಇದನ್ನು ಎಲ್ಲೂ ತುಂಡು ಮಾಡದೆ ಒಂದೇ ಶಾಟ್‌ನಲ್ಲಿ ತೆಗೆದೆವು. ಮುಡಿ ಕಟ್ಟಿ ಮುಗಿಯುವಷ್ಟು ಹೊತ್ತೂ ಪ್ರೇಕ್ಷಕ ಕಾಯಬೇಕು. ಸಂಕಲನಕಾರರು ಮೊದಲು ಅದನ್ನು ಅರ್ಧಕ್ಕೆ ಇಳಿಸಿ ತೋರಿಸಿದರು. ಚುರುಕಾಗಿತ್ತು ನಿಜ, ಆದರೆ ಅಪ್ಪ ಮಗ ಕೂಡಿ ಮಾಡಿದ ಕೊನೆಯ ಕೆಲಸ ಅದು ಎಂಬುದು ಮನಸ್ಸಿಗೆ ಇಳಿಯುವ ಮೊದಲೇ ಮುಗಿದುಹೋಗುತ್ತಿತ್ತು. ಪೂರ್ತಿ ಉದ್ದವನ್ನು ವಾಪಸು ಹಾಕಿಸಿದೆ.

ಆ ಕಾಲದಲ್ಲಿ ಬೊಂಬಾಯಿಗೆ ಒಂದು ದಾರಿ ಘಟ್ಟ ಹತ್ತಿ ಶಿವಮೊಗ್ಗ, ಬೀರೂರು, ಹುಬ್ಬಳ್ಳಿ, ಮಿರಜ್. ಹಳಿಯ ಅಗಲ ಬೇರೆಯಾದ್ದರಿಂದ ಮಿರಜಿನಲ್ಲಿ ಗಾಡಿ ಬದಲಿಸಬೇಕಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಉಗಿಬಂಡಿ ತೋರಿಸುವ ಶಕ್ತಿ ನಮಗಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಕೂಡಲೇ ನೇರ ಹೋಟೆಲಿನ ಅಡುಗೆಕೋಣೆಗೆ ಹೋದೆವು. ಹಬೆ, ಲೋಟಗಳ ಸದ್ದು, ಒದ್ದೆ ನೆಲ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ಮಲಗುವುದು, ಅದಕ್ಕೂ ಮೊದಲು ಕನ್ನಡ ರಾತ್ರಿಶಾಲೆ. ಆ ರಾತ್ರಿಶಾಲೆಗಳು ಎಷ್ಟೋ ಮಾಣಿಗಳಿಗೆ ಹೊಸ ಬದುಕು ಕೊಟ್ಟವು. ಅದೇ ಒಂದು ಬೇರೆ ಚಿತ್ರಕ್ಕಾಗುವಷ್ಟಿದೆ, ನಾನು ಎರಡು ದೃಶ್ಯಕ್ಕೆ ನಿಲ್ಲಿಸಿದೆ. ಸಂಗೀತ ಶುರುವಾಗುವುದೂ ಇಲ್ಲಿಂದಲೇ. ಊರಿನ ಭಾಗಕ್ಕೆ ಮನೆಯದೇ ಸದ್ದುಗಳು ಬೇಕಾದಷ್ಟಿದ್ದವು, ಬೊಂಬಾಯಿಯಲ್ಲಿ ಹುಡುಗನಿಗೆ ತನ್ನದೆನ್ನುವ ಸದ್ದೇ ಇರಲಿಲ್ಲ. ಅಲ್ಲಿಗೆ ಪಿಟೀಲು ತಂದೆ, ಧಾರಾಳವಾಗಿಯೇ ತಂದೆ.

ಚಿತ್ರದ ಕೊನೆ ಮನಿ ಆರ್ಡರಿನದು. ಫಾರಂನ ತುದಿಯ ಕೂಪನ್ನಿನಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ ಇರುತ್ತಿತ್ತು. ದುಡ್ಡು ಕೊಟ್ಟು, ಆ ತುಂಡನ್ನು ಹರಿದು ಮನೆಯವರ ಕೈಗಿಟ್ಟು ಹೋಗುತ್ತಿದ್ದರು ಅಂಚೆಯವರು. ಆ ಹಳೆಯ ಮನಿ ಆರ್ಡರ್ 2015ರಲ್ಲಿ ನಿಂತಿತು. ನಾನು ಭೇಟಿಯಾದ ಮನೆಗಳಲ್ಲಿ ಕೆಲವರು ಕೂಪನ್ನುಗಳನ್ನು ದಬ್ಬಣದಲ್ಲಿ ಪೋಣಿಸಿ ಇನ್ನೂ ಇಟ್ಟುಕೊಂಡಿದ್ದರು. ಹೆಬ್ಬೆಟ್ಟು ಒತ್ತುವವರಿಗೆ ಒಬ್ಬರ ಸಾಕ್ಷಿ ಸಹಿ ಬೇಕೆಂಬುದು ಆಗಿನ ನಿಯಮ. ಅದನ್ನು ಕೇಳಿದ್ದೇ ಕೊನೆಯ ದೃಶ್ಯ ಹೊಳೆಯಿತು. ಮಗ ಕಳಿಸಿದ ಇಪ್ಪತ್ತು ರೂಪಾಯಿಗೆ ಅಮ್ಮ ಹೆಬ್ಬೆಟ್ಟು ಒತ್ತುತ್ತಾಳೆ. ನೆರೆಮನೆಯವರು ಗದ್ದೆಗೆ ಹೋಗಿದ್ದಾರೆ. ಇನ್ನೂ ಶಾಲೆಗೆ ಹೋಗುತ್ತಿರುವ ತಂಗಿ ಸಾಕ್ಷಿ ಹಾಕಲು ಮುಂದೆ ಬರುತ್ತಾಳೆ. ‘ನೀನು ಸಣ್ಣವಳಾಯ್ತಲ್ಲ ಮಗಾ’ ಎಂದು ಅಂಚೆಯವರು ಒಂದು ಗಳಿಗೆ ತಡೆಯುತ್ತಾರೆ, ಆಮೇಲೆ ಪೆನ್ನು ಅವಳ ಕೈಗೇ ಕೊಡುತ್ತಾರೆ. ಅವಳು ನಾಲಿಗೆ ಕಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯುತ್ತಾಳೆ.

ಹುಡುಗ ವಾಪಸು ಬರುವ ದೃಶ್ಯವೊಂದು ಬೇಕಿತ್ತು ಎಂದು ವಿತರಕರೂ ಕೇಳಿದರು, ಪ್ರೇಕ್ಷಕರೂ ಕೇಳಿದರು. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಮೊದಲ ಸಲ ಊರಿಗೆ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಹುಡುಗನನ್ನು ಊರಿಗೆ ತರಬೇಕಾದರೆ 1974 ದಾಟಿದ ಮನೆ ಬೇಕು. ಮಾಡಿಗೆ ಹೆಂಚು ಬಂದಿರಬೇಕು, ಅಪ್ಪ ಮುಡಿ ಕಟ್ಟುವುದು ನಿಂತಿರಬೇಕು, ಗದ್ದೆ ಅವನ ಹೆಸರಿಗಾಗಿರಬೇಕು, ತಂಗಿ ಹೈಸ್ಕೂಲು ಮುಗಿಸಿರಬೇಕು. ಅದನ್ನು ಬೇರೆಯೇ ಚಿತ್ರವಾಗಿ ಬರೆಯುತ್ತಿದ್ದೇನೆ. ಡಿಕ್ಲರೇಷನ್ ಹಾಕಿದ ದಿನಗಳ ನೆನಪಿರುವ ಹಿರಿಯರನ್ನು ಈಗ ಮಾತಾಡಿಸುತ್ತಿದ್ದೇನೆ.