ಚೀನೀ ಓದುಗರ ಕಣ್ಣಿನ ಹಾದಿ: ವಯಸ್ಸಿನ ಪರಿಣಾಮವನ್ನು ಅಳೆದ ನನ್ನ ಅನುಭವ

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಅದು ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ, ನಡುನಡುವೆ ಹಿಂದಕ್ಕೂ ಹೋಗಿ ಬರುತ್ತದೆ. ಈ ನಿಲುಗಡೆಗಳನ್ನೂ ಜಿಗಿತಗಳನ್ನೂ ದಾಖಲಿಸಿ, ವಯಸ್ಸಾದವರು ಚೀನೀ ಬರಹವನ್ನು ಓದುವ ಕ್ರಮ ಯುವಕರ ಕ್ರಮಕ್ಕಿಂತ ಹೇಗೆ ಬೇರೆಯಾಗುತ್ತದೆ ಎಂದು ತಿಳಿಯುವುದು ಕೆಲವು ವರ್ಷಗಳಿಂದ ನನ್ನ ವೃತ್ತಿ. ಉತ್ತರ ಚೀನಾದ ಥಿಯಾನ್‌ಜಿನ್ ನಗರದ ಒಂದು ಪ್ರಯೋಗಾಲಯದಲ್ಲಿ ನಾನು ಈ ಕೆಲಸ ಮಾಡಿದೆ. ಚೀನೀ ಓದಿನ ಕಣ್ಣಿನ ಚಲನೆಯ ಅಧ್ಯಯನಕ್ಕೆ ಆ ನಗರದಲ್ಲಿ ಗಟ್ಟಿಯಾದ ಪರಂಪರೆಯೇ ಇದೆ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಒಂದು ವ್ಯತ್ಯಾಸ. 2006ರಲ್ಲಿ ಓದುವಾಗಿನ ಕಣ್ಣಿನ ಚಲನೆಯನ್ನು ಅಧ್ಯಯನ ಮಾಡುತ್ತಿದ್ದ ಮನೋವಿಜ್ಞಾನಿ ಕೀತ್ ರೇನರ್ ಮತ್ತು ಅವರ ಸಂಗಡಿಗರು ಇಂಗ್ಲಿಷ್ ಓದುವ ಹಿರಿಯರ ಬಗ್ಗೆ ಒಂದು ವಿವರಣೆಯನ್ನು ಮುಂದಿಟ್ಟರು: ಹಿರಿಯರು ನಿಧಾನವಾಗಿ ಓದುತ್ತಾರೆ, ಆ ನಿಧಾನವನ್ನು ತುಂಬಿಕೊಳ್ಳಲು ಮುಂದಿನ ಪದವನ್ನು ಊಹಿಸಿ ಹೆಚ್ಚು ಪದಗಳನ್ನು ಹಾರಿಸಿಕೊಂಡು ಹೋಗುತ್ತಾರೆ, ಊಹೆ ತಪ್ಪಿದಾಗ ಹಿಂದಕ್ಕೆ ಬಂದು ಸರಿಪಡಿಸಿಕೊಳ್ಳುತ್ತಾರೆ. ಇದನ್ನು ಅಪಾಯಕ್ಕೆ ಒಡ್ಡಿಕೊಳ್ಳುವ ಓದು ಎಂದು ಕರೆಯಲಾಯಿತು. ಥಿಯಾನ್‌ಜಿನ್ ಮತ್ತು ಇಂಗ್ಲೆಂಡಿನ ಲೆಸ್ಟರ್‌ನ ಸಂಶೋಧಕರು ಕೂಡಿ ಚೀನೀ ಓದುಗರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ತದ್ವಿರುದ್ಧವಾಗಿತ್ತು. ಚೀನಾದ ಹಿರಿಯರು ಪದಗಳನ್ನು ಹಾರಿಸುವುದು ಯುವಕರಿಗಿಂತ ಕಡಿಮೆ. ಅವರ ಜಿಗಿತಗಳು ಚಿಕ್ಕವು. ಎರಡಕ್ಷರದ ಪದದ ಮೇಲೆ ಅವರ ನೋಟ ಬೀಳುವ ಜಾಗವೂ ಪದದ ಆರಂಭಕ್ಕೆ ಹತ್ತಿರ. ಮುಪ್ಪು ಎರಡೂ ಕಡೆ ಒಂದೇ ಆಗಿರುವಾಗ ಓದಿನ ತಂತ್ರ ಮಾತ್ರ ಏಕೆ ಹೀಗೆ ಕವಲೊಡೆಯುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರದ ಒಂದು ಭಾಗ ಲಿಪಿಯಲ್ಲಿಯೇ ಇದೆ. ಕನ್ನಡದಲ್ಲಿ ಪದ ಮುಗಿದರೆ ಜಾಗ ಬರುತ್ತದೆ. ಕಣ್ಣು ಅಲ್ಲಿಗೆ ತಲುಪುವ ಮೊದಲೇ ಮುಂದಿನ ಪದ ಎಷ್ಟು ಉದ್ದವಿದೆ ಎಂದು ಅಂಚಿನ ದೃಷ್ಟಿಗೆ ಗೊತ್ತಾಗಿರುತ್ತದೆ. ಚೀನೀ ಬರಹದಲ್ಲಿ ಅಂಥ ಜಾಗವಿಲ್ಲ. ಒಂದೇ ಅಳತೆಯ ಚೌಕದೊಳಗೆ ಕೂತ ಅಕ್ಷರಗಳು ಸಾಲಾಗಿ ಬರುತ್ತವೆ, ಎಲ್ಲಿ ಪದ ಮುರಿಯುತ್ತದೆ ಎಂಬುದನ್ನು ಓದುಗರೇ ಕಂಡುಕೊಳ್ಳಬೇಕು. ಹ್ವಾ, ಷೆಂಗ್, ಜಾಂಗ್ ಎಂಬ ಮೂರು ಅಕ್ಷರಗಳು ಒಟ್ಟಿಗೆ ಬಂದಾಗ ಮೊದಲ ಎರಡನ್ನು ಕೂಡಿಸಿದರೆ ನೆಲಗಡಲೆ, ಕೊನೆಯ ಎರಡನ್ನು ಕೂಡಿಸಿದರೆ ಬೆಳೆಯುವುದು. ಸಾಲಿನ ಉಳಿದ ಭಾಗ ಮಾತ್ರ ಇದನ್ನು ತೀರ್ಮಾನಿಸಬಲ್ಲದು. 2008ರಲ್ಲಿ ಥಿಯಾನ್‌ಜಿನ್‌ನ ಸಂಶೋಧಕ ಬಾಯ್ ಷುಯೆಜುನ್ ಮತ್ತು ಸಹೋದ್ಯೋಗಿಗಳು ಪದಗಳ ನಡುವೆ ಜಾಗ ಬಿಟ್ಟು ಪರೀಕ್ಷಿಸಿದಾಗ ಚೀನೀ ಯುವ ಓದುಗರಿಗೆ ಅದರಿಂದ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ರೂಢಿಯಿಲ್ಲದ ಹೊಸ ನೋಟದ ತೊಡಕನ್ನು ಪದದ ಗಡಿ ಕಂಡ ಅನುಕೂಲ ಸರಿದೂಗಿಸಿತು ಎಂಬುದು ಅದರ ವಿವರಣೆ.

ನನ್ನ ಕೆಲಸದ ಹೆಚ್ಚಿನ ಸಮಯ ಹೋದದ್ದು ಯಂತ್ರದ ಮುಂದೆ ಅಲ್ಲ, ವಾಕ್ಯಗಳನ್ನು ಸಿದ್ಧಪಡಿಸುವುದರಲ್ಲಿ. ಪದವನ್ನು ಗುರುತಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು, ಒಂದೇ ವಾಕ್ಯದ ಒಂದೇ ಜಾಗದಲ್ಲಿ ಒಮ್ಮೆ ಬಳಕೆಯಲ್ಲಿ ಹೆಚ್ಚಾಗಿರುವ ಪದವನ್ನೂ ಇನ್ನೊಮ್ಮೆ ಅಪರೂಪದ ಪದವನ್ನೂ ಇಡಬೇಕು. ಎರಡೂ ಅಲ್ಲಿ ಸಹಜವಾಗಿ ಕೂರಬೇಕು. ಎರಡರ ಗೆರೆಗಳ ಸಂಖ್ಯೆಯೂ ಸಮನಾಗಿರಬೇಕು. ಗೆರೆಗಳ ವಿಷಯವನ್ನು ಹಗುರವಾಗಿ ಎಣಿಸುವಂತಿಲ್ಲ. ಬಾಯಿ ಎಂಬ ಅರ್ಥದ ಎರಡು ಅಕ್ಷರಗಳಲ್ಲಿ ಕೌ ಎಂಬುದಕ್ಕೆ 3 ಗೆರೆ, ಜ್ವೆಯ್ ಎಂಬುದಕ್ಕೆ 16 ಗೆರೆ, ಎರಡೂ ಕೂರುವುದು ಅದೇ ಅಳತೆಯ ಚೌಕದಲ್ಲಿ. ಗೆರೆಗಳು ಒತ್ತೊತ್ತಾಗಿರುವ ಪದಗಳು ಹಿರಿಯರನ್ನು ಯುವಕರಿಗಿಂತ ಹೆಚ್ಚು ನಿಧಾನಗೊಳಿಸುತ್ತವೆ ಎಂಬುದು ಈಗಾಗಲೇ ತೋರಿಬಂದಿರುವುದರಿಂದ, ಇದನ್ನು ಸಮನಾಗಿಸದೆ ಬಳಕೆಯ ಪರಿಣಾಮವನ್ನು ಅಳೆದರೆ ನಾವು ಅಳೆಯುತ್ತಿರುವುದು ಏನನ್ನು ಎಂದೇ ಹೇಳಲಾಗದು.

ಪದಗಳ ಬಳಕೆಯ ಲೆಕ್ಕಕ್ಕೆ 2010ರಲ್ಲಿ ಬಂದ, ಚಲನಚಿತ್ರ ಮತ್ತು ಟಿವಿ ಕಾರ್ಯಕ್ರಮಗಳ ಅಡಿಬರಹಗಳನ್ನು ಆಧರಿಸಿದ ಪಟ್ಟಿಯನ್ನು ಹೆಚ್ಚಿನವರು ಬಳಸುತ್ತಾರೆ. ಒಳ್ಳೆಯ ಪಟ್ಟಿ ಅದು. ಆದರೆ ಎಪ್ಪತ್ತು ವರ್ಷದವರ ಪದಲೋಕ ಅದರಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಧಾನ್ಯದ ಕೂಪನ್ ಎಂಬ ಅರ್ಥದ ಲಿಯಾಂಗ್‌ಪ್ಯಾವ್ ಎಂಬ ಪದವನ್ನೇ ತೆಗೆದುಕೊಳ್ಳಿ. 1955ರಿಂದ 1990ರ ದಶಕದ ಆರಂಭದವರೆಗೆ ಅಕ್ಕಿ, ಹಿಟ್ಟು ಕೊಳ್ಳಲು ಆ ಕೂಪನ್ ಬೇಕಾಗಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಬದುಕಿದವರಿಗೆ ಅದು ಮನೆಮಾತು, ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಇತಿಹಾಸದ ಪಾಠ. ಇಂಥ ಪದಗಳನ್ನು ಹೊರಗಿಡಲು ಪ್ರತಿ ಪದವೂ ಎಷ್ಟು ಪರಿಚಿತ ಎಂದು ಎರಡೂ ವಯೋಮಾನದವರಿಂದ ಬೇರೆಬೇರೆಯಾಗಿ ಅಂಕ ಹಾಕಿಸಿದೆ. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ಪದವನ್ನು ಊಹಿಸಲು ಹೇಳುವ ಪರೀಕ್ಷೆಯನ್ನೂ ಹಾಗೆಯೇ ಎರಡು ಗುಂಪುಗಳಲ್ಲಿ ನಡೆಸಿದೆ, ಏಕೆಂದರೆ ಊಹೆಯೂ ಬದುಕಿನ ಅನುಭವದಿಂದಲೇ ಬರುತ್ತದೆ. ಯುವಕರ ಊಹೆಯನ್ನೇ ಅಳತೆಗೋಲಾಗಿಟ್ಟು ಹಿರಿಯರನ್ನು ಅಳೆಯುವುದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಹಿರಿಯರನ್ನು ಆರಿಸುವಾಗಲೂ ಇದೇ ಎಚ್ಚರ ಬೇಕು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1966ರಿಂದ, ಚೀನಾದ ಶಾಲೆ ಕಾಲೇಜುಗಳ ಪಾಠ ಕಡಿದುಹೋಯಿತು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರಲ್ಲಿ. 1950ರ ಆಸುಪಾಸಿನಲ್ಲಿ ಹುಟ್ಟಿದವರನ್ನು ಇಂದಿನ ಪದವಿ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂರಿಸಿ, ಕಂಡ ವ್ಯತ್ಯಾಸವನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಬರೆದರೆ ಆ ತಲೆಮಾರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಶಾಲೆಯಲ್ಲಿ ಕಳೆದ ವರ್ಷಗಳನ್ನು ಕೇಳುವುದರ ಜೊತೆಗೆ ಪದಸಂಪತ್ತಿನ ಪರೀಕ್ಷೆ ಕೊಟ್ಟೆ, ದಿನವೂ ಪತ್ರಿಕೆಯನ್ನೋ ಪುಸ್ತಕವನ್ನೋ ಓದುವ ರೂಢಿಯಿರುವವರನ್ನೇ ಆರಿಸಿದೆ, ಮರೆವಿನ ಕಾಯಿಲೆಯ ಆರಂಭದ ಚಿಹ್ನೆಗಳಿಗಾಗಿ ಮಾಂಟ್ರಿಯಲ್ ಪರೀಕ್ಷೆಯ ಚೀನೀ ಆವೃತ್ತಿಯನ್ನು ಬಳಸಿದೆ.

ಇನ್ನು ಯಂತ್ರ. ಸೆಕೆಂಡಿಗೆ 1000 ಬಾರಿ ಕಣ್ಣಿನ ಸ್ಥಾನವನ್ನು ದಾಖಲಿಸುವ ಐಲಿಂಕ್ ಕ್ಯಾಮೆರಾ ನಮ್ಮದು. ಓದುಗರು ಗಲ್ಲವನ್ನು ಆಸರೆಯ ಮೇಲಿಟ್ಟು ಎರಡೂ ಕಣ್ಣಿನಿಂದ ಓದುತ್ತಾರೆ, ದಾಖಲಾಗುವುದು ಬಲಗಣ್ಣು ಮಾತ್ರ. ಅಕ್ಷರವೊಂದು ಕಣ್ಣಿನಿಂದ ನೋಡಿದಾಗ ಸುಮಾರು 1 ಡಿಗ್ರಿ ಕೋನದಷ್ಟು ಅಗಲ ಕಾಣುವಂತೆ ಹೊಂದಿಸಿದ್ದರಿಂದ ಅರ್ಧ ಡಿಗ್ರಿಯ ತಪ್ಪಾದರೂ ನೋಟ ಪಕ್ಕದ ಅಕ್ಷರದ ಖಾತೆಗೆ ಹೋಗಿಬಿಡುತ್ತದೆ. ಹಾಗಾಗಿ ಪ್ರತಿ ವಾಕ್ಯಕ್ಕೆ ಮುಂಚೆ ಎಡತುದಿಯ ಚುಕ್ಕೆಯ ಮೇಲೆ ನೋಟ ಸರಿಯಾಗಿ ಬಿದ್ದಿದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಸ್ವಲ್ಪ ಸರಿದಿದ್ದರೂ ಕ್ಯಾಲಿಬ್ರೇಶನ್, ಅಂದರೆ ಯಂತ್ರವನ್ನು ಓದುಗರ ಕಣ್ಣಿಗೆ ಹೊಂದಿಸುವ ಕೆಲಸ, ಮತ್ತೆ ಮಾಡಬೇಕು.

ಹಿರಿಯರ ಕಣ್ಣನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುವುದಿಲ್ಲ. ಜೋತುಬಿದ್ದ ರೆಪ್ಪೆ ಪಾಪೆಯ ಮೇಲ್ಭಾಗವನ್ನು ಮುಚ್ಚುತ್ತದೆ, ಪಾಪೆಯೇ ಚಿಕ್ಕದಾಗಿರುತ್ತದೆ, ಪೊರೆಯ ಶಸ್ತ್ರಚಿಕಿತ್ಸೆಯಾದವರ ಕೃತಕ ಮಸೂರ ಕ್ಯಾಮೆರಾ ಬಳಸುವ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹೊಳೆಯಿಸುತ್ತದೆ. ಕನ್ನಡಕದ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಓದುವ ಕನ್ನಡಕ ಕೈಯಲ್ಲಿ ಹಿಡಿದ ಪತ್ರಿಕೆಗೆ, ಅಂದರೆ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿದ್ದು. ಪರದೆ ಇರುವುದು ಅದಕ್ಕಿಂತ ಸಾಕಷ್ಟು ಹಿಂದೆ. ಕೆಳಭಾಗದಲ್ಲಿ ಓದಿನ ಮಸೂರವಿರುವ ಕನ್ನಡಕ ತೊಟ್ಟವರು ಸ್ಪಷ್ಟವಾಗಿ ಕಾಣಲು ತಲೆಯೆತ್ತಿ ನೋಡುತ್ತಾರೆ, ಗಲ್ಲದ ಆಸರೆ ಅದಕ್ಕೆ ಬಿಡುವುದಿಲ್ಲ. ಪರದೆಯ ದೂರಕ್ಕೆ ಸರಿಹೋಗುವ ಬೇರೆಬೇರೆ ಶಕ್ತಿಯ ಮಸೂರಗಳನ್ನು ಇಟ್ಟುಕೊಂಡು, ಪ್ರತಿಯೊಬ್ಬರಿಗೂ ಆ ದೂರದಲ್ಲೇ ದೃಷ್ಟಿಯನ್ನು ಪರೀಕ್ಷಿಸಿ, ನಂತರವೇ ಓದಿಸಿದೆ. ಮಸುಕಾಗಿ ಕಂಡದ್ದರಿಂದ ಆದ ನಿಧಾನವನ್ನು ಮಿದುಳಿನ ನಿಧಾನವೆಂದು ಬರೆಯಬಾರದಲ್ಲವೇ?

ದತ್ತಾಂಶ ಕೈಗೆ ಬಂದ ಮೇಲೆ 80 ಮಿಲಿಸೆಕೆಂಡಿಗಿಂತ ಚಿಕ್ಕ ಮತ್ತು 1200 ಮಿಲಿಸೆಕೆಂಡಿಗಿಂತ ದೊಡ್ಡ ನಿಲುಗಡೆಗಳನ್ನು ತೆಗೆದು, ಓದುಗರಿಂದ ಓದುಗರಿಗೆ, ವಾಕ್ಯದಿಂದ ವಾಕ್ಯಕ್ಕೆ ಬರುವ ಏರುಪೇರನ್ನೂ ಲೆಕ್ಕಕ್ಕೆ ಹಿಡಿಯುವ ಮಿಶ್ರ ಮಾದರಿಗಳೆಂಬ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ವಿಶ್ಲೇಷಿಸಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಅಪರೂಪದ ಪದದ ಮೇಲೆ ಹಿರಿಯರು ಹೆಚ್ಚು ಹೊತ್ತು ನಿಂತರು ಎಂದಷ್ಟೇ ಕಂಡರೆ ಸಾಲದು, ಏಕೆಂದರೆ ಎಲ್ಲದರಲ್ಲೂ ನಿಧಾನವಾಗಿರುವವರಲ್ಲಿ ಎಲ್ಲ ವ್ಯತ್ಯಾಸಗಳೂ ದೊಡ್ಡದಾಗಿಯೇ ಕಾಣುತ್ತವೆ. ಸಮಯವನ್ನು ಲಾಗರಿದಮ್‌ಗೆ ಬದಲಾಯಿಸಿ, ಅಂದರೆ ವ್ಯತ್ಯಾಸವನ್ನು ಅನುಪಾತವಾಗಿ ನೋಡಿದ ಮೇಲೂ ಆ ಹೆಚ್ಚಳ ಉಳಿದರೆ ಮಾತ್ರ ಪದವನ್ನು ಗುರುತಿಸುವ ಹಂತದಲ್ಲೇ ಏನೋ ಬದಲಾಗಿದೆ ಎನ್ನಬಹುದು. ನನ್ನ ದತ್ತಾಂಶದಲ್ಲಿ ಅದು ಉಳಿಯಿತು. ಹಾರಿಸುವಿಕೆ ಹಿರಿಯರಲ್ಲಿ ಕಡಿಮೆಯಿತ್ತು, ಜಿಗಿತಗಳು ಚಿಕ್ಕದಾಗಿದ್ದವು, ವಾಕ್ಯದ ನಂತರ ಕೇಳಿದ ಪ್ರಶ್ನೆಗಳಿಗೆ ಅವರ ಉತ್ತರಗಳು ಯುವಕರ ಉತ್ತರಗಳಷ್ಟೇ ಸರಿಯಾಗಿದ್ದವು.

ಈ ಜಾಗರೂಕ ಓದಿಗೆ ಕಾರಣವೇನೆಂದು ನನ್ನ ಅಭಿಪ್ರಾಯವನ್ನು ಕೇಳಿದರೆ, ನೋಟದ ವ್ಯಾಪ್ತಿ, ಅಂದರೆ ಕಣ್ಣು ಒಂದು ಕಡೆ ನಿಂತಾಗ ಉಪಯೋಗಕ್ಕೆ ಬರುವಂತೆ ಕಾಣುವ ಅಕ್ಷರಗಳ ಹರವು, ಎಂದು ಹೇಳುತ್ತೇನೆ. 1975ರಲ್ಲಿ ಸಂಶೋಧಕರಾದ ಮೆಕಾಂಕಿ ಮತ್ತು ರೇನರ್ ರೂಪಿಸಿದ ಚಲಿಸುವ ಕಿಟಕಿಯ ವಿಧಾನದಲ್ಲಿ, ಕಣ್ಣು ಎಲ್ಲಿ ನಿಂತಿದೆಯೋ ಅದರ ಸುತ್ತಲಿನ ಕೆಲವು ಅಕ್ಷರಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಮರೆಮಾಡುತ್ತಾರೆ. ಹೀಗೆ ಅಳೆದಾಗ ಚೀನೀ ಯುವ ಓದುಗರು ಎಡಕ್ಕೆ 1, ಬಲಕ್ಕೆ 3 ಅಕ್ಷರಗಳಿಂದ ಉಪಯೋಗ ಪಡೆಯುತ್ತಾರೆ. ವಯಸ್ಸಾದಂತೆ ಈ ವ್ಯಾಪ್ತಿ ಕುಗ್ಗುತ್ತದೆ. ಮುಂದಿನ ಪದದ ಗಡಿಯೇ ಕಾಣದಿದ್ದಾಗ ಅದನ್ನು ಹಾರಿಸುವ ಧೈರ್ಯ ಮಾಡುವುದಕ್ಕಿಂತ ಅದರ ಮೊದಲ ಅಕ್ಷರಕ್ಕೆ ಕಾಲಿಡುವುದೇ ವಿವೇಕದ ದಾರಿ.

ಈ ಕ್ಷೇತ್ರದಲ್ಲಿ ನನಗೆ ಅತೃಪ್ತಿಯಿರುವುದು ನಡುವಯಸ್ಸಿನ ವಿಷಯದಲ್ಲಿ. ಬಹುಪಾಲು ಪ್ರಯೋಗಗಳು ಹದಿನೆಂಟರಿಂದ ಮೂವತ್ತರವರನ್ನೂ ಅರವತ್ತು ದಾಟಿದವರನ್ನೂ ಮಾತ್ರ ಹೋಲಿಸುತ್ತವೆ. ಹತ್ತಿರದ ಅಕ್ಷರ ಮಸುಕಾಗಲು ಶುರುವಾಗುವುದು ನಲವತ್ತರ ಆಸುಪಾಸಿನಲ್ಲಿ. ಓದಿನ ಅನುಭವವಾದರೋ ಆಗ ತುಂಬಿ ಬಂದಿರುತ್ತದೆ. ಚಿಕ್ಕ ಜಿಗಿತಗಳು ಆ ವಯಸ್ಸಿನಲ್ಲೇ ಮೆಲ್ಲಗೆ ಆರಂಭವಾಗುತ್ತವೆಯೇ, ಇಲ್ಲ ಅರವತ್ತರ ನಂತರ ಒಮ್ಮೆಲೇ ಬರುತ್ತವೆಯೇ ಎಂಬುದು ಎರಡು ತುದಿಗಳ ಹೋಲಿಕೆಯಿಂದ ತಿಳಿಯುವುದಿಲ್ಲ. ಅದೇ ವಾಕ್ಯಗಳು, ಅದೇ ಮಸೂರದ ಪರೀಕ್ಷೆ, ಅದೇ ಪದಸಂಪತ್ತಿನ ಅಳತೆಗಳೊಂದಿಗೆ ನಾನು ಈಗ ನಲವತ್ತರಿಂದ ಅರವತ್ತರವರನ್ನು ಓದಿಸಲು ತೊಡಗಿದ್ದೇನೆ. 1977ರ ನಂತರ ಶಾಲೆಗೆ ಹೋದವರು ಇವರಲ್ಲಿ ಬಹಳವಾಗಿರುವುದರಿಂದ ತಲೆಮಾರಿನ ಪರಿಣಾಮವನ್ನು ವಯಸ್ಸಿನ ಪರಿಣಾಮದಿಂದ ಬೇರ್ಪಡಿಸಲೂ ಈ ಗುಂಪು ನೆರವಾಗಬಲ್ಲದು.